ಬಿಳಿ ಪುಡಿಯಲ್ಲಿ ಅಡಗಿದ ಆಮ್ಲ

ಆಮ್ಲವೆಂದರೆ ಸೀಸೆಯಲ್ಲಿರುವ ದ್ರವ ತಾನೇ, 'ಘನ ಆಮ್ಲ' ಎಂದರೇನು, ಅದರಲ್ಲಿ ಆಮ್ಲ ಇರುವುದಾದರೂ ಎಲ್ಲಿ? ಪದವಿ ಓದುತ್ತಿರುವ ಓದುಗರೊಬ್ಬರು ಕೇಳಿದ್ದಾರೆ. 'ಎಲ್ಲಿ' ಎಂದು ಕೇಳಿದ್ದು ನನಗೆ ತುಂಬ ಹಿಡಿಸಿತು.

ಜಿಯೋಲೈಟ್ ಎಂಬ ಬಿಳಿ ಪುಡಿಯನ್ನು ತೆಗೆದುಕೊಳ್ಳಿ. ಸಿಲಿಕಾನ್, ಅಲ್ಯುಮಿನಿಯಂ, ಆಮ್ಲಜನಕಗಳ ಹಂದರವದು. ಒಳಗೆಲ್ಲ ಅಣುವೊಂದು ನುಸುಳುವಷ್ಟು ಕಿರಿದಾದ ಸುರಂಗಗಳು. ಸಿಲಿಕಾನ್ ಇರಬೇಕಾದ ಜಾಗದಲ್ಲಿ ಅಲ್ಯುಮಿನಿಯಂ ಕೂತರೆ ಒಂದು ಋಣ ವಿದ್ಯುದಂಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಪಕ್ಕದ ಆಮ್ಲಜನಕಕ್ಕೆ ಪ್ರೋಟಾನು ಅಂಟಿಕೊಂಡಿದ್ದರೆ, ಆಮ್ಲ ಇರುವುದು ಅಲ್ಲೇ. ಕಚ್ಚಾ ತೈಲದ ಭಾರಿ ಅಣುಗಳನ್ನು ಒಡೆದು ಪೆಟ್ರೋಲ್ ಮಾಡುವ ಕ್ರಿಯಾವರ್ಧಕದ ಜೀವಾಳ ಇಂಥ ಪ್ರೋಟಾನುಗಳು.

ನೀರಿಗೆ ಹಾಕಿ ಲಿಟ್ಮಸ್ ಕಾಗದ ಅದ್ದಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ನೀರು ಪ್ರೋಟಾನನ್ನು ತಾನೇ ಎಳೆದುಕೊಂಡುಬಿಡುತ್ತದೆ. ಸುರಂಗದೊಳಗಿನ ಸಂಗತಿ ನಮಗೆ ತಿಳಿಯುವುದೇ ಇಲ್ಲ.

ಅದಕ್ಕೇ ವಿಜ್ಞಾನಿಗಳು ಒಂದು ಅಣುವನ್ನು ಒಳಗೆ ಕಳಿಸಿ, ಅದರ ಮೇಲೆ ಅವಕೆಂಪು ಕಿರಣ ಹಾಯಿಸುತ್ತಾರೆ. ಅಣುಬಂಧಗಳು ಸದಾ ಕಂಪಿಸುತ್ತಿರುತ್ತವೆ. ಒಂದೊಂದು ಕಂಪನವೂ ತನ್ನದೇ ಅಲೆಯನ್ನು ಹೀರುತ್ತದೆ, ಹೀರಿದ್ದು ದಾಖಲೆಯ ಹಾಳೆಯಲ್ಲಿ ಒಂದು ಪಟ್ಟಿಯಾಗಿ ಕಾಣುತ್ತದೆ. ಈ ಕೆಲಸಕ್ಕೆ ಹೆಸರಾದದ್ದು ಪಿರಿಡೀನ್, ಮೂಗು ಮುಚ್ಚಿಕೊಳ್ಳುವಂತೆ ನಾರುವ ಪ್ರತ್ಯಾಮ್ಲ. ಅದರ ಗುಟ್ಟನ್ನು ಇ. ಪಿ. ಪ್ಯಾರಿ 1963ರಲ್ಲಿ ವಿವರಿಸಿದರು. ಪಿರಿಡೀನ್ ಪ್ರೋಟಾನನ್ನು ಪಡೆದುಕೊಂಡರೆ ಸೆಂಟಿಮೀಟರಿಗೆ ಸುಮಾರು 1545 ಅಲೆಗಳಿರುವಲ್ಲಿ ಪಟ್ಟಿ ಮೂಡುತ್ತದೆ. ಪ್ರೋಟಾನಿಲ್ಲದೆ, ಎಲೆಕ್ಟ್ರಾನಿಗೆ ಹಸಿದ ಅಲ್ಯುಮಿನಿಯಂ ಅದನ್ನು ನೇರವಾಗಿ ಹಿಡಿದರೆ ಪಟ್ಟಿ 1450ರ ಆಸುಪಾಸಿನಲ್ಲಿ. ಮೊದಲನೆಯದು ಬ್ರಾನ್ಸ್ಟೆಡ್ ಆಮ್ಲ, ಎರಡನೆಯದು ಲೂಯಿಸ್ ಆಮ್ಲ. ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಎರಡು ವ್ಯಾಖ್ಯೆಗಳು ಒಂದೇ ಪುಡಿಯಲ್ಲಿ, ಒಂದೇ ಹಾಳೆಯ ಮೇಲೆ ಬೇರೆಬೇರೆಯಾಗಿ ಕಾಣಿಸುತ್ತವೆ. ನನಗೆ ಇದು ರಸಾಯನಶಾಸ್ತ್ರದ ಅತಿ ಸುಂದರ ಪ್ರಯೋಗಗಳಲ್ಲೊಂದು.

ಪ್ರಯೋಗಾಲಯದಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆ ಕಾಗದದಷ್ಟು ತೆಳು, ಮುಟ್ಟಿದರೆ ಪುಡಿಯಾಗುವಷ್ಟು ನಾಜೂಕು. ನಿರ್ವಾತದಲ್ಲಿ 400 ಡಿಗ್ರಿ ದಾಟಿ ಕಾಯಿಸಿ ನೀರನ್ನೆಲ್ಲ ಓಡಿಸಿದ ಮೇಲೆ 3600ರ ಹತ್ತಿರ ಚೂಪಾದ ಪಟ್ಟಿ ಕಾಣುತ್ತದೆ, ಪ್ರೋಟಾನು ಹೊತ್ತ ಆಮ್ಲಜನಕದ್ದು. ಪಿರಿಡೀನ್ ಆವಿ ಬಿಟ್ಟೊಡನೆ ಅದು ಕುಗ್ಗುತ್ತ ಹೋಗುತ್ತದೆ, ಅತ್ತ 1545 ಏಳುತ್ತದೆ. ಪ್ರೋಟಾನು ಕೈಬದಲಾದದ್ದು ಕಣ್ಣೆದುರೇ!

ಆಮ್ಲ ಎಷ್ಟು ಪ್ರಬಲ ಎಂಬುದನ್ನು ಹೇಳಲು ಇನ್ನೊಂದು ಅಣು ಬೇಕು. ದ್ರವ ಸಾರಜನಕದ ಚಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಾರೆ. ಅದು ದುರ್ಬಲ ಪ್ರತ್ಯಾಮ್ಲ, ಪ್ರೋಟಾನನ್ನು ಕಸಿಯದು, ಮೆಲ್ಲಗೆ ಎಳೆದು ನೋಡುತ್ತದೆ, ಅಷ್ಟೆ. ತಂತಿ ಸಡಿಲಿಸಿದಾಗ ವೀಣೆಯ ಶ್ರುತಿ ಇಳಿಯುವ ಹಾಗೆ ಆಮ್ಲಜನಕ–ಪ್ರೋಟಾನು ಬಂಧದ ಕಂಪನ ತಗ್ಗುತ್ತದೆ. ಬರಿಯ ಸಿಲಿಕಾದ ಮೇಲ್ಮೈಯಲ್ಲಿ ಇಳಿಕೆ ಸೆಂಟಿಮೀಟರಿಗೆ ಸುಮಾರು 90 ಅಲೆ. ಝಡ್‌ಎಸ್‌ಎಂ-5 ಎಂಬ ಜಿಯೋಲೈಟಿನಲ್ಲಿ 300ರ ಸುತ್ತ. ಇಳಿಕೆ ಹೆಚ್ಚಾದಷ್ಟೂ ಆಮ್ಲ ಪ್ರಬಲ.

ದಖ್ಖನ್ ಬಸಾಲ್ಟ್‌ನ ಪೊಟರೆಗಳಲ್ಲಿ ಸಿಗುವ ಸ್ಟಿಲ್ಬೈಟ್, ಹ್ಯೂಲಂಡೈಟ್ ಹರಳುಗಳೂ ಜಿಯೋಲೈಟುಗಳೇ. ಅವನ್ನು ದಿಂಬಿನಡಿ ಇಟ್ಟುಕೊಂಡರೆ ರೋಗ ಹೋಗುತ್ತದೆಂದು ಮಾರುವವರಿದ್ದಾರೆ. ಇದು ಶುದ್ಧ ಮೋಸ, ದುಡ್ಡು ಕೊಡಬೇಡಿ. ಆ ಸುರಂಗಗಳಲ್ಲಿರುವುದು ಕ್ಯಾಲ್ಸಿಯಂ, ಸೋಡಿಯಂ, ನೀರು. ಜಿಯೋಲೈಟನ್ನು ಆಮ್ಲವಾಗಿಸಬೇಕಾದರೂ ಸೋಡಿಯಂ ತೆಗೆದು ಅಮೋನಿಯಂ ತುಂಬಿ ಕಾಯಿಸಬೇಕು. ಅಮೋನಿಯ ಹಾರಿಹೋಗಿ ಪ್ರೋಟಾನು ಉಳಿಯುತ್ತದೆ.

ಇನ್ನು 'ಎಲ್ಲಿ' ಎಂಬ ಪ್ರಶ್ನೆ: ಸುರಂಗದೊಳಗೋ, ಹೊರಮೈಯಲ್ಲೋ? ಪಾಲಿಯೆಸ್ಟರ್ ನೂಲಿಗೆ ಬೇಕಾದ ಪ್ಯಾರಾ-ಕ್ಸೈಲೀನನ್ನು ಝಡ್‌ಎಸ್‌ಎಂ-5ರಿಂದ ಪಡೆಯುತ್ತಾರೆ. ಸುಮಾರು ಅರ್ಧ ನ್ಯಾನೋಮೀಟರಿನ ಸುರಂಗದಿಂದ ಆ ನೀಳ ಅಣು ಸಲೀಸಾಗಿ ಹೊರಬರುತ್ತದೆ. ಆದರೆ ಹರಳಿನ ಹೊರಮೈಯಲ್ಲೂ ಪ್ರೋಟಾನುಗಳಿದ್ದರೆ ಅಲ್ಲಿ ಮತ್ತೆ ರೂಪ ಬದಲಿಸಿ ಬೆರಕೆಯಾಗುತ್ತದೆ. ಹೊರಗಿನವನ್ನಷ್ಟೇ ಗುರುತಿಸಲು, ಇಕ್ಕೆಲದಲ್ಲೂ ದಪ್ಪ ಇಂಗಾಲದ ಗುಂಪು ಹೊತ್ತ ಪಿರಿಡೀನನ್ನು ಕಳಿಸುತ್ತಾರೆ. ಅದು ಸುರಂಗದೊಳಕ್ಕೆ ತೂರದು. ಹೊರಮೈಗೆ ಸಿಲಿಕಾ ಲೇಪಿಸಿ ಅದನ್ನೇ ಮತ್ತೊಮ್ಮೆ ಬಿಡುತ್ತಾರೆ. ಪಟ್ಟಿ ಏಳದಿದ್ದರೆ ಲೇಪ ಸರಿಯಾಗಿ ಕೂತಿದೆ.