ಹವ್ಯಾಸದಿಂದ ಎಷ್ಟು ಬರ್ತದೆ?

"ದಿನಾ ಬರೀತಾ ಕೂತಿರ್ತೀಯಲ್ಲ, ಅದರಿಂದ ಎಂತ ಬರ್ತದೆ?"

ಸಾಗರದ ನಮ್ಮ ಮನೆಗೆ ಬಂದಿದ್ದ ಹೊಸನಗರದ ಚಿಕ್ಕಮ್ಮ ಕೇಳಿಯೇಬಿಟ್ಟರು. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಮೇಲೆ ಒಂದು ಗಂಟೆ ನಾನು ಬ್ಲಾಗ್ ಬರೆಯುತ್ತೇನೆ. ಮಳೆಗಾಲದ ತಂಬುಳಿ, ಮಕ್ಕಳ ತಂಟೆ, ಓದಿದ ಪುಸ್ತಕ ಇಂಥವೇ. ಇದುವರೆಗೆ ಬಂದ ಹಣ ಸೊನ್ನೆ. ತಪ್ಪು ಮಾಡಿದವಳಂತೆ "ಸುಮ್ನೆ ಟೈಂಪಾಸ್" ಎಂದು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ನಿಮಗೂ ಹೀಗೆ ಆಗಿರಬಹುದು. ಯಜಮಾನರು ಭಾನುವಾರವಿಡೀ ಕ್ರಿಕೆಟ್ ನೋಡಿದರೆ 'ಎಷ್ಟು ಬಂತು' ಎಂದು ಯಾರೂ ಕೇಳುವುದಿಲ್ಲ. ನಮ್ಮ ಒಂದು ಗಂಟೆಗೆ ಮಾತ್ರ ಲೆಕ್ಕ ಕೊಡಬೇಕು!

ಹಾಗಂತ ಹಣದ ಆಸೆ ತಪ್ಪಲ್ಲ. ಕೈಯಲ್ಲಿ ನಮ್ಮದೇ ನಾಲ್ಕು ಕಾಸಿದ್ದರೆ ಅದರ ಧೈರ್ಯವೇ ಬೇರೆ. ಹೋದ ವರ್ಷ ನಾನೂ ಕ್ರೋಶಾ ತೋರಣಕ್ಕೆ ಆರ್ಡರ್ ತಗೊಂಡೆ. ಒಂದಕ್ಕೆ 300 ರೂಪಾಯಿ. ನೂಲಿಗೆ 120 ಹೋಯಿತು, ಹೆಣೆಯಲು ಎಂಟು ಗಂಟೆ. ಅಂದರೆ ಗಂಟೆಗೆ ಇಪ್ಪತ್ತೆರಡೂವರೆ ರೂಪಾಯಿ! ಆಮೇಲೆ ಆರು ತಿಂಗಳು ಕ್ರೋಶಾ ಕಡ್ಡಿ ಮುಟ್ಟಲು ಮನಸ್ಸಾಗಲಿಲ್ಲ. ದುಡ್ಡೂ ಇಲ್ಲ, ಖುಷಿಯೂ ಇಲ್ಲ.

ನಮ್ಮ ಸೀಮೆಯ ದೀವರ ಹೆಂಗಸರ ಹಸೆ ಚಿತ್ತಾರ ನೋಡಿ. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಪುಂಡಿ ನಾರಿನ ಕುಂಚ. ಮದುವೆ ಮನೆಯ ಗೋಡೆಗೆ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಬರೆದದ್ದು ಮಾರಲಿಕ್ಕಲ್ಲ. ಇಂದು ಅದೇ ಚಿತ್ತಾರ ಚೌಕಟ್ಟಿನೊಳಗೆ ಮಾರಾಟಕ್ಕೂ ಬರುತ್ತಿದೆ. ಎರಡೂ ಸರಿಯೇ. ಆದರೆ ಮೊದಲಿನದು ಹಣ ತರಲಿಲ್ಲವೆಂದು ಕಡಿಮೆಯದಲ್ಲ.

ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರು ಕಾದಂಬರಿಗೆ ಕೈಹಾಕಿದ್ದು 45ರ ಆಸುಪಾಸಿನಲ್ಲಿ. ಅದಕ್ಕೂ ಮೊದಲು ಅವರು ನಮ್ಮಂತೆಯೇ ಗೃಹಿಣಿ. 1963ರಲ್ಲಿ 'ತುಂಗಭದ್ರ' ಬಂತು, 1976ರಲ್ಲಿ 'ಫಣಿಯಮ್ಮ'. 'ಇದರಿಂದ ಎಷ್ಟು ಬರುತ್ತದೆ' ಎಂದು ಲೆಕ್ಕ ಹಾಕುತ್ತಾ ಕೂತಿದ್ದರೆ ನಮಗೆ ಫಣಿಯಮ್ಮ ಸಿಗುತ್ತಿದ್ದಳೇ?

ನನ್ನ ಅನುಭವದಿಂದ ನಾಲ್ಕು ಮಾತು:

* ಹಣ ಬೇಕೋ, ಖುಷಿ ಸಾಕೋ ಮೊದಲೇ ತೀರ್ಮಾನಿಸಿ. ಆ ತೀರ್ಮಾನ ನಿಮ್ಮದಾಗಿರಲಿ, ನೆಂಟರದ್ದಲ್ಲ.

* ಹಣಕ್ಕಾದರೆ ಸಾಮಾನಿನ ಜೊತೆ ನಿಮ್ಮ ಗಂಟೆಗಳಿಗೂ ಬೆಲೆ ಕಟ್ಟಿ. ಮುಂಗಡ ಕೇಳಲು ಸಂಕೋಚ ಬೇಡ. ಉಪ್ಪಿನಕಾಯಿ, ಹಪ್ಪಳ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ.

* ಯೂಟ್ಯೂಬ್‌ನಲ್ಲಿ ವಿಡಿಯೊ ಹಾಕಿದ ಕೂಡಲೇ ದುಡ್ಡು ಬರುವುದಿಲ್ಲ. ದೊಡ್ಡ ವಿಡಿಯೊಗಳ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಅದನ್ನು ನಂಬಿ ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಡಿ.

* ಒಂದು ಹವ್ಯಾಸವನ್ನಾದರೂ ಮಾರಾಟಕ್ಕಿಡದೆ ನಿಮಗಾಗಿಯೇ ಉಳಿಸಿಕೊಳ್ಳಿ.

ಮೊನ್ನೆ ಹೊಸನಗರಕ್ಕೆ ಹೋಗಿದ್ದೆ. ಚಿಕ್ಕಮ್ಮನ ಅಂಗಳದ ತುಂಬಾ ಡೇರೆ ಹೂ. ಬೆಳಗಿನಿಂದ ಸಂಜೆವರೆಗೆ ಅವರಿಗೆ ಅದೇ ಧ್ಯಾನ.

"ಚಿಕ್ಕಮ್ಮಾ, ಇದರಿಂದ ಎಂತ ಬರ್ತದೆ?" ಎಂದೆ.

ಒಂದು ಗಳಿಗೆ ನನ್ನ ಮುಖ ನೋಡಿ ನಕ್ಕುಬಿಟ್ಟರು. "ಗಡ್ಡೆ ಬರ್ತದೆ ಮಾರಾಯ್ತಿ! ಹೋಗುವಾಗ ಎರಡು ತಗೊಂಡು ಹೋಗು. ಹೂ ಬಿಟ್ಟರೆ ನಿನ್ನ ಬ್ಲಾಗಿನಲ್ಲಿ ಬರಿ."