ತಿಳಿದದ್ದು ಎಷ್ಟು, ಪಾಲಿಸಿದ್ದು ಎಷ್ಟು? ಕೋವಿಡ್ ಕಾಲ ನಾಲ್ಕು ತಾಲ್ಲೂಕುಗಳಿಗೆ ಕಲಿಸಿದ ಪಾಠ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದಲ್ಲಿ 2020ರ ಏಪ್ರಿಲ್ ಹೊತ್ತಿಗೆ ಕೊರೊನಾ ಎಂಬ ಹೆಸರು ಕೇಳದ ಮನೆ ಇರಲಿಲ್ಲ. ಮೊಬೈಲ್‌ನಲ್ಲಿ ಯಾರಿಗೆ ಕರೆ ಮಾಡಿದರೂ ಮೊದಲು ಕೆಮ್ಮಿನ ಸದ್ದು, ಆಮೇಲೆ ಸೂಚನೆ ಕೇಳುತ್ತಿತ್ತು. ಕೈ ತೊಳೆಯಬೇಕು, ದೂರ ನಿಲ್ಲಬೇಕು, ಬಾಯಿ ಮೂಗು ಮುಚ್ಚಬೇಕು ಎಂಬ ಮಾತು ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿತ್ತು. ಆದರೂ ರೋಗ ಹರಡಿತು. ತಿಳಿವಳಿಕೆಗೂ ನಡವಳಿಕೆಗೂ ನಡುವೆ ಉಳಿದ ಅಂತರ ಅದಕ್ಕೆ ಒಂದು ದೊಡ್ಡ ಕಾರಣ. ಆ ಅಂತರ ಎಲ್ಲಿ ಬಿತ್ತು ಎಂದು ತಿಳಿದುಕೊಂಡರೆ ಮುಂದೆ ಇಂಥ ಕಾಲ ಬಂದಾಗ ನಮ್ಮ ಕುಟುಂಬಗಳಿಗೆ ಉಪಯೋಗವಾದೀತು.

ರೋಗ ಬಂದ ದಾರಿ

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಘೋಷಿಸಿತು. ಅದರ ಹಿಂದಿನ ದಿನವೇ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡಿದ್ದರು. ಅದು ಕೋವಿಡ್‌ನಿಂದಾದ ಸಾವು ಎಂದು ಮಾರ್ಚ್ 12ರಂದು ಖಚಿತವಾಯಿತು. ದೇಶದ ಮೊದಲ ಕೋವಿಡ್ ಸಾವು ಅದು. ಕಲಬುರಗಿಯಿಂದ ವಿಜಯಪುರಕ್ಕೆ ಬರುವ ಹೆದ್ದಾರಿಯಲ್ಲೇ ಸಿಂದಗಿ ಇದೆ. ಇತ್ತ ಇಂಡಿ ಭಾಗದ ಧೂಳಖೇಡದಲ್ಲಿ ಭೀಮಾ ನದಿ ದಾಟಿದರೆ ಮಹಾರಾಷ್ಟ್ರ, ಮುಂದೆ ಸೊಲ್ಲಾಪುರ. ಹೊಟ್ಟೆಪಾಡಿಗೆ ಮುಂಬೈ, ಪುಣೆ, ಗೋವಾಕ್ಕೆ ಹೋದವರು ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಇದ್ದಾರೆ. 2020ರ ಮೇ ತಿಂಗಳಲ್ಲಿ ಅವರು ಊರಿಗೆ ಮರಳಿದಾಗ ಶಾಲೆ, ಹಾಸ್ಟೆಲ್‌ಗಳು ಕ್ವಾರಂಟೈನ್ ಕೇಂದ್ರಗಳಾದವು.

ಊರಿನಿಂದ ದೂರ ಇರುವುದು ಈ ಭಾಗಕ್ಕೆ ಹೊಸದೇನಲ್ಲ. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂಬೈ ಪ್ರಾಂತದ ಒಳನಾಡಿಗೂ ಹಬ್ಬಿದ ದಿನಗಳಲ್ಲಿ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಇಲಿ ಬಿದ್ದರೆ ಊರು ಬಿಡಬೇಕು ಎಂಬುದು ಅಂದಿನವರಿಗೆ ಗೊತ್ತಿತ್ತು, ಗೊತ್ತಿದ್ದಂತೆ ನಡೆದುಕೊಂಡರು. ಕೋವಿಡ್‌ನಲ್ಲಿ ಬಿದ್ದ ಇಲಿಯಂತೆ ಕಣ್ಣಿಗೆ ಕಾಣುವ ಗುರುತು ಇರಲಿಲ್ಲ. ಸೋಂಕು ತಗುಲಿದವರು ಜ್ವರ ಬರುವ ಒಂದೆರಡು ದಿನ ಮೊದಲೇ ಇತರರಿಗೆ ಹಚ್ಚಬಲ್ಲವರಾಗಿದ್ದರು. ‘ನನಗೇನೂ ಆಗಿಲ್ಲ’ ಎಂಬ ಮಾತು ಸುಳ್ಳಲ್ಲದಿದ್ದರೂ ಸಾಲದಾಗಿತ್ತು.

ಸೋಸಿದ ನೀರು, ಮುಖವಸ್ತ್ರ, ಲಿಂಬೆರಸ

ಜೈನ ಮನೆಗಳಲ್ಲಿ ನೀರು ಸೋಸಿ, ಕಾಯಿಸಿ ಕುಡಿಯುವುದು ತಲೆತಲಾಂತರದ ಪದ್ಧತಿ. ಅದರಿಂದ ಆರೋಗ್ಯಕ್ಕೂ ಲಾಭವಾಗಿದೆ. ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳಿಂದ ಹರಡುತ್ತಿದ್ದ ನಾರು ಹುಣ್ಣಿನ ರೋಗವನ್ನು ತಡೆಯಲು ಸರ್ಕಾರವೂ ಬಟ್ಟೆಯಲ್ಲಿ ನೀರು ಸೋಸಿರಿ ಎಂದೇ ಹೇಳಿತು. 2000ದ ಫೆಬ್ರುವರಿಯಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ಆದರೆ ಕೋವಿಡ್ ಮುಖ್ಯವಾಗಿ ಹರಡಿದ್ದು ಉಸಿರಿನಿಂದ. ಕುಡಿಯುವ ನೀರು ಎಷ್ಟು ಶುದ್ಧವಿದ್ದರೂ, ಮುಚ್ಚಿದ ಕೋಣೆಯಲ್ಲಿ ಹತ್ತಾರು ಜನ ಕೂತರೆ ಆ ಪದ್ಧತಿ ರಕ್ಷಣೆ ಕೊಡದು.

ಸ್ಥಾನಕವಾಸಿ ಮತ್ತು ತೇರಾಪಂಥಿ ಸಾಧು ಸಾಧ್ವಿಯರ ಮುಹಪತ್ತಿಯನ್ನು ನೋಡಿ ‘ಮಾಸ್ಕ್ ನಮಗೆ ಹೊಸದಲ್ಲ’ ಎಂದವರಿದ್ದಾರೆ. ಮುಹಪತ್ತಿ ಇರುವುದು ಬಾಯಿಯ ಬಿಸಿ ಉಸಿರಿನಿಂದ ಸೂಕ್ಷ್ಮ ಜೀವಿಗಳಿಗೆ ಹಿಂಸೆಯಾಗದಿರಲಿ ಎಂಬ ವ್ರತಕ್ಕಾಗಿ; ಅದು ಮೂಗನ್ನು ಮುಚ್ಚುವುದಿಲ್ಲ. ಸೋಂಕು ತಡೆಯುವ ಮಾಸ್ಕ್ ಮೂಗು, ಬಾಯಿ, ಗದ್ದ ಮೂರನ್ನೂ ಮುಚ್ಚಿ ಕೆನ್ನೆಗೆ ಕೂತಿರಬೇಕು. ಗದ್ದಕ್ಕೆ ಇಳಿಸಿದ ಮಾಸ್ಕ್ ದಂಡ ತಪ್ಪಿಸೀತು, ರೋಗ ತಪ್ಪಿಸದು.

ಇಂಡಿ ಎಂದರೆ ಲಿಂಬೆಯ ನಾಡು. ಲಿಂಬೆ ಪಾನಕ ದೇಹಕ್ಕೆ ಒಳ್ಳೆಯದು. ಆದರೆ 2021ರ ಎರಡನೇ ಅಲೆಯಲ್ಲಿ ಮೂಗಿಗೆ ಲಿಂಬೆರಸ ಬಿಟ್ಟರೆ ಆಮ್ಲಜನಕ ಏರುತ್ತದೆ ಎಂಬ ಸಂದೇಶ ರಾಜ್ಯದಲ್ಲೆಲ್ಲ ಓಡಾಡಿತು. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ವಿಭಾಗ ಅದು ಸುಳ್ಳು ಎಂದು ತಿಳಿಸಬೇಕಾಯಿತು. ಕಷಾಯ ಕುಡಿದು ಗಂಟಲಿಗೆ ಹಿತವಾದರೆ ಸರಿ. ಕಷಾಯವನ್ನೇ ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ ಅಪಾಯ.

ತಿಳಿದೂ ತಪ್ಪಿದ್ದೆಲ್ಲಿ?

ಮೊದಲನೆಯದು ನಾಚಿಕೆ. ಮನೆಯ ಮುಂದೆ ಚೀಟಿ ಅಂಟಿಸುತ್ತಾರೆ, ಓಣಿಯವರು ಮಾತಾಡಿಸುವುದಿಲ್ಲ, ಅಂಗಡಿಗೆ ಗಿರಾಕಿ ಬರುವುದಿಲ್ಲ ಎಂಬ ಹೆದರಿಕೆಯಿಂದ ಜ್ವರವನ್ನು ಮುಚ್ಚಿಟ್ಟವರುಂಟು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ‘ಎಲ್ಲ ಆರಾಮ ಅದೀವಿ’ ಎಂದು ಕಳಿಸಿದರೆ ಹಾನಿಯಾಗುವುದು ಅದೇ ಮನೆಯ ಅಜ್ಜ ಅಜ್ಜಿಗೆ.

ಎರಡನೆಯದು ಮರೆವು. 2020ರ ಸೆಪ್ಟೆಂಬರ್‌ನಲ್ಲಿ ದೇಶದಲ್ಲಿ ದಿನಕ್ಕೆ 90 ಸಾವಿರ ದಾಟಿದ್ದ ಹೊಸ ಪ್ರಕರಣಗಳು 2021ರ ಫೆಬ್ರುವರಿಗೆ 10 ಸಾವಿರದ ಆಸುಪಾಸಿಗೆ ಇಳಿದವು. ರೋಗ ಹೋಯಿತು ಎಂದು ಲಗ್ನ, ಜಾತ್ರೆ ಶುರುವಾದವು. ಮೇ ತಿಂಗಳಲ್ಲಿ ಅದೇ ಸಂಖ್ಯೆ ದಿನಕ್ಕೆ 4 ಲಕ್ಷ ದಾಟಿತು. 2020ರ ಏಪ್ರಿಲ್ 6ರ ಮಹಾವೀರ ಜಯಂತಿ ಲಾಕ್‌ಡೌನ್‌ನಲ್ಲಿ ಬಂದಿತ್ತು, 2021ರ ಏಪ್ರಿಲ್ 25ರದ್ದು ವಾರಾಂತ್ಯದ ಕರ್ಫ್ಯೂದಲ್ಲಿ. ಎರಡು ವರ್ಷವೂ ಪೂಜೆ ಮನೆಯಲ್ಲೇ ನಡೆಯಿತು. ಅದರಿಂದ ಭಕ್ತಿಗೆ ಕುಂದಾಗಲಿಲ್ಲ.

ಮೂರನೆಯದು ತಡ. ಕೋವಿಡ್‌ನಲ್ಲಿ ಉಸಿರಾಟದ ತೊಂದರೆ ಗೊತ್ತಾಗುವ ಮೊದಲೇ ರಕ್ತದ ಆಮ್ಲಜನಕ ಇಳಿದಿರುತ್ತಿತ್ತು. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್‌ನಲ್ಲಿ 95ರ ಮೇಲಿದ್ದರೆ ಸಾಮಾನ್ಯ. 94ಕ್ಕಿಂತ ಕೆಳಗೆ ಬಂದರೆ ಕಾಯಬಾರದು. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ವಿಜಯಪುರ ಎಂದು ಅಲೆಯುವ ರೋಗಿಗೆ ಒಂದೊಂದು ಗಂಟೆಯೂ ದೊಡ್ಡದು.

ಮನೆ, ಅಂಗಡಿ, ಬಸದಿ

ಇಂಥ ಪಿಡುಗು ಮತ್ತೆ ಬಂದರೆ ಕೆಳಗಿನವನ್ನು ನಿಯಮದಂತೆ ಪಾಲಿಸಬಹುದು.

• ಜ್ವರ, ಕೆಮ್ಮು ಇರುವವರಿಗೆ ಕಿಟಕಿ ಇರುವ ಬೇರೆ ಕೋಣೆ. ಮಣ್ಣಿನ ಮಾಳಿಗೆಯ ಹಳೆ ಮನೆಗಳಲ್ಲಿ ಗಾಳಿ ಆಡುವುದು ಕಡಿಮೆ. ಅಲ್ಲಿ ರೋಗಿಯನ್ನು ಪಡಸಾಲೆಯಲ್ಲಿ ಅಥವಾ ಗಾಳಿ ಬರುವ ಬಾಗಿಲ ಹತ್ತಿರ ಇರಿಸುವುದು ಮೇಲು.

• ಕೈಯನ್ನು ಸೋಪಿನಿಂದ 20 ಸೆಕೆಂಡ್ ತಿಕ್ಕಿ ತೊಳೆಯಬೇಕು. ಈ ವೈರಾಣುವಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಬರೀ ನೀರಿಗೆ ಆ ಶಕ್ತಿ ಇಲ್ಲ.

• ಅಂಗಡಿಯಲ್ಲಿ ಗಿರಾಕಿಗಳನ್ನು ಹೊರಗೆ ಕಟ್ಟೆಯ ಮೇಲೆ ನಿಲ್ಲಿಸಿ ಚೀಟಿ ಪಡೆದು ಸಾಮಾನು ಕೊಡಬಹುದು. ಮಾಲೀಕ ಮಾಸ್ಕ್ ಹಾಕಿದರೆ ಕೆಲಸದ ಹುಡುಗನೂ ಹಾಕುತ್ತಾನೆ. ಜ್ವರ ಬಂದ ಹುಡುಗನ ಪಗಾರ ಹಿಡಿಯಬಾರದು. ಹಿಡಿದರೆ ಅವನು ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾನೆ.

• ಬಸದಿಯಲ್ಲಿ ಅಭಿಷೇಕ, ಪ್ರವಚನಗಳನ್ನು ಗರ್ಭಗುಡಿಯ ಹತ್ತಿರ ಗುಂಪುಗೂಡದೆ ತೆರೆದ ಪ್ರಾಂಗಣದಲ್ಲಿ ಕುಳಿತು ನೋಡಬಹುದು, ಕೇಳಬಹುದು.

• ರಾತ್ರಿ ನೀರು ತ್ಯಾಗ ಮಾಡಿದವರು, ಉಪವಾಸದಲ್ಲಿರುವವರು ಜ್ವರ ಬಂದ ಕೂಡಲೇ ವೈದ್ಯರಿಗೂ ಗುರುಗಳಿಗೂ ತಿಳಿಸಬೇಕು. ಔಷಧಿಯ ಹೊತ್ತನ್ನು ಮುಚ್ಚುಮರೆಯಿಲ್ಲದೆ ಇಬ್ಬರನ್ನೂ ಕೇಳಿ ಗೊತ್ತುಮಾಡಿಕೊಳ್ಳಬೇಕು.

• ಲಸಿಕೆಯ ಸರದಿ ಬಂದಾಗ ಹಿರಿಯರನ್ನು ಮನೆಯವರೇ ಕರೆದೊಯ್ಯಬೇಕು. 2021ರ ಮಾರ್ಚ್ 1ರಿಂದಲೇ 60 ದಾಟಿದವರಿಗೆ ಲಸಿಕೆ ತೆರೆದಿದ್ದರೂ, ನೋಡೋಣ ಎಂದು ದಿನ ದೂಡಿದವರು ಕಡಿಮೆಯಿರಲಿಲ್ಲ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ತುರ್ತುಸ್ಥಿತಿ ಮುಗಿಯಿತು ಎಂದಿತು. ಮಾಸ್ಕ್‌ಗಳು ಕಪಾಟು ಸೇರಿವೆ. ಸಮ್ಯಕ್ ಜ್ಞಾನದ ಜೊತೆಗೆ ಸಮ್ಯಕ್ ಚಾರಿತ್ರವೂ ಬೇಕೆಂದು ಬಸದಿಯಲ್ಲಿ ಕೇಳುತ್ತಲೇ ಬಂದಿದ್ದೇವೆ. ಪಕ್ಕದ ಮನೆಯವರು ‘ನಮ್ಮಲ್ಲಿ ಒಬ್ಬರಿಗೆ ಜ್ವರ ಬಂದದ’ ಎಂದು ಅಂಜಿಕೆಯಿಲ್ಲದೆ ಹೇಳುವಂತಿರಬೇಕು. ಕೇಳಿದವರು ಬಾಗಿಲು ಹಾಕಿಕೊಳ್ಳದೆ ಊಟದ ಡಬ್ಬಿಯನ್ನು ಅವರ ಹೊಸ್ತಿಲಲ್ಲಿ ಇಟ್ಟು ಬರಬೇಕು. ಆಗ ರೋಗ ಮುಚ್ಚಿಡುವ ಕಾರಣವೇ ಯಾರಿಗೂ ಇರುವುದಿಲ್ಲ.