ಭಾರದ ರೇಜರ್‌ಗೆ ಹಗುರ ಕೈ

ಗಡ್ಡ ಬಿಟ್ಟವರ ಮನೆಯಲ್ಲೂ ರೇಜರ್ ಇದ್ದೇ ಇರುತ್ತದೆ. ಕೆನ್ನೆಯ ಮೇಲಿನ ಕೂದಲನ್ನು ಒಪ್ಪ ಮಾಡಲು, ಕಂಕುಳ ಮತ್ತು ಹೊಕ್ಕುಳಿನ ಕೆಳಗಿನ ರೋಮ ತೆಗೆಯಲು ಅದು ಬೇಕು. ಈ ಶುಚಿತ್ವವನ್ನು 40 ದಿನಗಳಿಗಿಂತ ಹೆಚ್ಚು ಮುಂದೂಡಬಾರದೆಂದು ಹದೀಸ್ ಕಲಿಸುತ್ತದೆ. ಇತ್ತೀಚೆಗೆ ಕೆಲವರು ಪ್ಲಾಸ್ಟಿಕ್ ರೇಜರ್ ಬಿಟ್ಟು, ಅಜ್ಜಂದಿರು ಬಳಸುತ್ತಿದ್ದಂಥ ಲೋಹದ ಸೇಫ್ಟಿ ರೇಜರನ್ನು ಕೊಳ್ಳುತ್ತಿದ್ದಾರೆ. ಮೊದಲ ದಿನವೇ ಗಾಯ ಮಾಡಿಕೊಂಡು ಅದನ್ನು ಮೂಲೆಗೆಸೆಯುವವರೂ ಇದ್ದಾರೆ. ಇದಕ್ಕೆ ಕಾರಣ ಹೆಚ್ಚಾಗಿ ರೇಜರ್ ಅಲ್ಲ, ಕೈಯ ಹಳೆಯ ಅಭ್ಯಾಸ.

ಎರಡೂ ಬದಿ ಹರಿತವಿರುವ ತೆಳು ಬ್ಲೇಡಿನ ಈ ರೇಜರನ್ನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರುಕಟ್ಟೆಗೆ ತಂದರು. ಬ್ಲೇಡಿನ ಬಹುಭಾಗವನ್ನು ಲೋಹದ ತಟ್ಟೆಗಳು ಮುಚ್ಚಿ, ಅಂಚು ಮಾತ್ರ ಹೊರಗೆ ಕಾಣುತ್ತದೆ. ಕ್ಷೌರಿಕರ ತೆರೆದ ಕತ್ತಿಗಿಂತ ಸುರಕ್ಷಿತವೆಂದೇ ಇದಕ್ಕೆ ಸೇಫ್ಟಿ ರೇಜರ್ ಎಂಬ ಹೆಸರು.

ಕೈಗೆತ್ತಿಕೊಂಡ ಕೂಡಲೇ ಅನುಭವಕ್ಕೆ ಬರುವುದು ಅದರ ಭಾರ. ಬಳಸಿ ಎಸೆಯುವ ಪ್ಲಾಸ್ಟಿಕ್ ರೇಜರ್ ಸುಮಾರು 10 ಗ್ರಾಂ ಇದ್ದರೆ, ಲೋಹದ್ದು ಸಾಮಾನ್ಯವಾಗಿ 70ರಿಂದ 100 ಗ್ರಾಂ ತೂಗುತ್ತದೆ. ಹಗುರ ರೇಜರನ್ನು ನಾವು ಒತ್ತಿ ಎಳೆಯುತ್ತೇವೆ. ಇಲ್ಲಿ ಒತ್ತಿದರೆ ಚರ್ಮ ಉಬ್ಬಿ ಅಲಗಿಗೆ ಸಿಗುತ್ತದೆ. ಒತ್ತುವ ಕೆಲಸವನ್ನು ರೇಜರ್‌ನ ತೂಕವೇ ಮಾಡುತ್ತದೆ. ಕೈ ದಾರಿ ತೋರಿಸಿದರೆ ಸಾಕು.

ಸ್ನಾನದ ನಂತರ ಅಥವಾ ಬಿಸಿನೀರಿನಲ್ಲಿ ಮುಖ ತೊಳೆದ ಮೇಲೆ ಕೂದಲು ಮೆತ್ತಗಿರುತ್ತದೆ. ಆಗ ಬ್ರಶ್‌ನಿಂದ ನೊರೆ ಹಚ್ಚಿರಿ. ರೇಜರ್‌ನ ತಲೆಯನ್ನು ಕೆನ್ನೆಗೆ ಒರಗಿಸಿ, ಹಿಡಿಯನ್ನು ಮೆಲ್ಲಗೆ ಕೆಳಗಿಳಿಸಿರಿ. ಅಲಗು ಚರ್ಮಕ್ಕೆ ತಾಕುವಲ್ಲಿ, ಅಂದರೆ ಸುಮಾರು 30 ಡಿಗ್ರಿ ಕೋನದಲ್ಲಿ, ನಿಲ್ಲಿಸಿರಿ. ಕೂದಲು ಬೆಳೆದ ದಿಕ್ಕಿನಲ್ಲೇ ಒಂದೆರಡು ಅಂಗುಲದಷ್ಟು ಸಣ್ಣ ಎಳೆತ ಸಾಕು. ಕೂದಲು ಕತ್ತರಿಸುವ ಚರಚರ ಸದ್ದು ಕೇಳಿಸುತ್ತದೆ, ಹೆದರಬೇಕಿಲ್ಲ. ಕೋನ ಸರಿಯಾಗಿದೆ ಎಂಬುದಕ್ಕೆ ಅದೇ ಗುರುತು.

ಮೊದಲ ಕೆಲವು ಸಲ ಪೂರ್ತಿ ನುಣುಪನ್ನು ಬಯಸಬೇಡಿ. ಉಳಿದ ಕೂದಲನ್ನು ಒಣಚರ್ಮದ ಮೇಲೆ ಕೆರೆಯದೆ, ಮತ್ತೆ ನೊರೆ ಹಚ್ಚಿ ತೆಗೆಯಿರಿ. ಕತ್ತಿನ ಕೂದಲು ಅಡ್ಡಡ್ಡ ಬೆಳೆದಿರುವುದುಂಟು, ಬೆರಳಾಡಿಸಿ ದಿಕ್ಕು ತಿಳಿದುಕೊಳ್ಳಿ. ಕಂಕುಳ ಮತ್ತು ಕೆಳಭಾಗದ ಚರ್ಮ ಸಡಿಲವಾದ್ದರಿಂದ, ಕೆನ್ನೆಯ ಮೇಲೆ ಕೈ ಪಳಗಿದ ನಂತರವೇ ಅಲ್ಲಿ ಬಳಸಿರಿ. ಉದ್ದ ಕೂದಲನ್ನು ಮೊದಲು ಕತ್ತರಿಯಿಂದ ಗಿಡ್ಡ ಮಾಡಿ, ಚರ್ಮವನ್ನು ಬಿಗಿಯಾಗಿ ಹಿಡಿಯಿರಿ. ಅಲ್ಲಿ ಬಳಸಿದ ಬ್ಲೇಡನ್ನು ಮುಖಕ್ಕೆ ತರಬೇಡಿ. ಸಕ್ಕರೆ ಕಾಯಿಲೆ ಇರುವವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿಯೇ ಇದಕ್ಕೆ ಕೈಹಾಕುವುದು ಒಳ್ಳೆಯದು.

ಮುಖ್ಯವಾದ ಮಾತೊಂದಿದೆ. ತಂದೆ, ಅಣ್ಣ, ತಮ್ಮ ಎಲ್ಲರೂ ಒಂದೇ ರೇಜರ್ ಬಳಸುವ ಮನೆಗಳು ಈಗಲೂ ಇವೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರಿನಿಂದಲೂ ಬ್ಲೇಡಿಗೆ ರಕ್ತ ಅಂಟಬಹುದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಸೋಂಕಿರುವ ಎಷ್ಟೋ ಮಂದಿಗೆ ಅದರ ಸುಳಿವೇ ಇರುವುದಿಲ್ಲ. ನೀರಿನಲ್ಲಿ ತೊಳೆದ ಮಾತ್ರಕ್ಕೆ ಬ್ಲೇಡ್ ಸುರಕ್ಷಿತವಾಗದು. ಆದ್ದರಿಂದ ಮನೆಯ ಪ್ರತಿಯೊಬ್ಬ ಗಂಡಸು, ಹೆಂಗಸಿಗೂ ಅವರದೇ ರೇಜರ್ ಇರಲಿ. ಗಾಯಕ್ಕೆ ಉಜ್ಜುವ ಪಟಿಕದ ಕಲ್ಲೂ ಹಾಗೆಯೇ ಬೇರೆಬೇರೆಯಾಗಿರಲಿ. ಮೀಸೆ ಚಿಗುರುತ್ತಿರುವ ಮಗನಿಗೆ ತನ್ನ ರೇಜರ್ ಕೊಡುವ ಬದಲು, ಹೊಸದೊಂದನ್ನು ಕೊಡಿಸಿ ಪಕ್ಕದಲ್ಲಿ ನಿಂತು ಕಲಿಸುವುದು ತಂದೆಯ ಹೊಣೆ.

ಒಂದು ಬ್ಲೇಡನ್ನು 5ರಿಂದ 7 ಸಲ ಬಳಸಬಹುದು. ಕೂದಲನ್ನು ಕತ್ತರಿಸದೆ ಜಗ್ಗತೊಡಗಿದರೆ ಅದಕ್ಕೂ ಮೊದಲೇ ಬದಲಿಸಿರಿ. ಬ್ಲೇಡಿಗೆ ಕೆಲವೇ ರೂಪಾಯಿ, ಉಳಿಸಲು ಹೋಗಬೇಡಿ. ಬಳಸಿದ ಮೇಲೆ ರೇಜರನ್ನು ತೊಳೆದು, ಮಕ್ಕಳ ಕೈಗೆಟುಕದಂತೆ ಒಣಗಲು ಇಡಿ. ಹಳೆಯ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೆಯೇ ಎಸೆದರೆ, ಕಸ ಎತ್ತುವ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಖಾಲಿ ತಗಡಿನ ಡಬ್ಬಿಯೊಂದರ ಮುಚ್ಚಳದಲ್ಲಿ ಸೀಳು ಮಾಡಿ, ಅದರೊಳಗೆ ಹಾಕುತ್ತಾ ಬನ್ನಿ. ತುಂಬಿದ ಮೇಲೆ ಸೀಳನ್ನು ಅಂಟುಪಟ್ಟಿಯಿಂದ ಮುಚ್ಚಿ, ಒಳಗೆ ಬ್ಲೇಡುಗಳಿವೆ ಎಂದು ಬರೆದು, ಕಸ ಸಂಗ್ರಹಿಸುವವರ ಕೈಗೆ ಹೇಳಿಯೇ ಕೊಡಿ.